ಲಿನಕ್ಸ್‌ನ ಮೌಸ್ ದತ್ತಸಂಚಯ: ಬರೆದ ದಾಖಲೆ ಮೌಸ್‌ಗೆ ತಲುಪದಿದ್ದಾಗ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ, ಪೆಟ್ಟಿಗೆಯ ಮೇಲೆ 1600 ಡಿಪಿಐ (ಒಂದು ಅಂಗುಲ ಸರಿಸಿದಾಗ ಮೌಸ್ ಕಳುಹಿಸುವ ಎಣಿಕೆಗಳ ಸಂಖ್ಯೆ) ಎಂದು ಅಚ್ಚಾಗಿದ್ದ ಸಾಧಾರಣ ತಂತಿ ಮೌಸೊಂದನ್ನು ಲಿನಕ್ಸ್ ಗಣಕಕ್ಕೆ ಜೋಡಿಸಿದಾಗ, ಹಳೆಯ ಮೌಸ್‌ಗೆ ಹೊಂದಿಸಿಟ್ಟಿದ್ದ ವೇಗದಲ್ಲಿ ಕರ್ಸರ್ ಗುರಿಯನ್ನು ದಾಟಿ ಹಾರತೊಡಗಿತು. ಇದಕ್ಕೆ ಮದ್ದು ಯಂತ್ರಾಂಶ ದತ್ತಸಂಚಯದಲ್ಲಿದೆ ಎಂಬುದು ಗೊತ್ತಿದ್ದುದರಿಂದ, ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ತಂತ್ರಾಂಶದ ‘ಎಚ್‌ಡಬ್ಲ್ಯುಡಿಬಿ’ ಎಂಬ ಆ ದತ್ತಸಂಚಯಕ್ಕೆ ನನ್ನ ಮೌಸ್‌ನ ದಾಖಲೆಯೊಂದನ್ನು ಬರೆದು ಸೇರಿಸಿದೆ. ಏನೂ ಬದಲಾಗಲಿಲ್ಲ. 1600 ಎಂಬಲ್ಲಿ 2000 ಬರೆದೆ, 2400 ಬರೆದೆ, ಕೊನೆಗೆ 3200 ಕೂಡ ಬರೆದೆ. ಕರ್ಸರ್ ಮೊದಲಿನಂತೆಯೇ ಹಾರುತ್ತಿತ್ತು.

ಆ ಸಂಜೆ ಕಳೆದುಹೋದದ್ದು ಈ ಅಂಕಿಗಳ ಆಟದಲ್ಲಿಯೇ. ದಾಖಲೆಯಲ್ಲಿನ ಅಂಕಿಯ ಬೆಲೆಯನ್ನು ಇಮ್ಮಡಿ ಮಾಡಿದರೂ ನಡವಳಿಕೆ ಎಳ್ಳಷ್ಟೂ ಬದಲಾಗದಿದ್ದರೆ, ದೋಷ ಬೆಲೆಯಲ್ಲಿಲ್ಲ, ಆ ಬೆಲೆ ಸಾಧನಕ್ಕೆ ತಲುಪುತ್ತಲೇ ಇಲ್ಲ ಎಂದು ಎರಡನೆಯ ಪ್ರಯತ್ನದಲ್ಲಿಯೇ ತಿಳಿಯಬೇಕಿತ್ತು. ಆದ್ದರಿಂದ ಈ ಕೈಪಿಡಿಯಲ್ಲಿ ಡಿಪಿಐ ಅಳೆಯುವ ವಿಷಯಕ್ಕಿಂತ ಮೊದಲು, ದಾಖಲೆ ಸಾಗುವ ದಾರಿಯಲ್ಲಿ ಎಲ್ಲಿ ತಡೆಯಿದೆ ಎಂದು ಪತ್ತೆಹಚ್ಚುವ ಕ್ರಮವನ್ನು ವಿವರಿಸಿದೆ. ಆದೇಶಗಳನ್ನೂ ಕಡತಗಳ ಹೆಸರುಗಳನ್ನೂ ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವುಗಳ ಮೂಲ ಕಾಗುಣಿತವನ್ನೇ ಬಳಸಬೇಕು.

ದಾಖಲೆ ಸಾಗುವ ದಾರಿ

ಮೌಸ್ ತನ್ನ ಡಿಪಿಐ ಎಷ್ಟೆಂದು ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಹೇಳುವುದಿಲ್ಲ. ಅದು ಹೇಳುವುದು ‘ಬಲಕ್ಕೆ ಮೂರು ಎಣಿಕೆ, ಕೆಳಕ್ಕೆ ಒಂದು ಎಣಿಕೆ’ ಎಂಬಷ್ಟನ್ನೇ. ಆ ಮೂರು ಎಣಿಕೆ ಮೇಜಿನ ಮೇಲೆ ಎಷ್ಟು ಮಿಲಿಮೀಟರ್ ಎಂಬುದು ಅದರೊಳಗಿನ ಸೆನ್ಸರ್‌ಗೆ ಬಿಟ್ಟ ವಿಚಾರ. ಟಚ್‌ಪ್ಯಾಡ್‌ನಂತಹ ನಿರಪೇಕ್ಷ ಅಕ್ಷಗಳುಳ್ಳ (ನೇರವಾಗಿ ಸ್ಥಾನವನ್ನೇ ತಿಳಿಸುವ) ಸಾಧನಗಳಿಗೆ ರೆಸಲ್ಯೂಷನ್ ತಿಳಿಸಲು ಕರ್ನೆಲ್‌ನಲ್ಲಿ ಒಂದು ಜಾಗವಾದರೂ ಇದೆ, ಮೌಸ್‌ನ ಸಾಪೇಕ್ಷ ಚಲನೆಗೆ ಅದೂ ಇಲ್ಲ. ಹೀಗಾಗಿ ಯಾರೋ ಸ್ಕೇಲ್ ಹಿಡಿದು ಅಳೆದು, ಮೌಸ್‌ನ ಗುರುತಿನ ಜೊತೆ ಬರೆದಿಡಬೇಕಾಗುತ್ತದೆ. ‘70-ಮೌಸ್’ ಎಂಬ ಎಚ್‌ಡಬ್ಲ್ಯುಡಿಬಿ ಕಡತ ಇಂತಹ ಅಳತೆಗಳ ಸಂಗ್ರಹ.

ಮೌಸನ್ನು ಚುಚ್ಚಿದೊಡನೆ ಯುಡೆವ್ (ಜೋಡಿಸಿದ ಸಾಧನಗಳನ್ನು ಗುರುತಿಸುವ, ಸಿಸ್ಟಮ್‌ಡಿಯ ಭಾಗ) ಅದನ್ನು ಮೌಸ್ ಎಂದು ಗುರುತಿಸಿ, ಸಂಪರ್ಕದ ಬಗೆ, ತಯಾರಕ ಸಂಖ್ಯೆ, ಉತ್ಪನ್ನ ಸಂಖ್ಯೆ ಮತ್ತು ಸಾಧನದ ಹೆಸರು ಇವಿಷ್ಟನ್ನು ವಿವರಣ ಚಿಹ್ನೆಗಳಿಂದ (:) ಬೇರ್ಪಡಿಸಿ ಪೋಣಿಸಿದ ಒಂದು ಗುರುತುಸಾಲನ್ನು ಕಟ್ಟುತ್ತದೆ, ಆ ಸಾಲನ್ನು, ಪಠ್ಯ ಕಡತಗಳಿಂದ ‘ಸಿಸ್ಟಮ್‌ಡಿ-ಎಚ್‌ಡಬ್ಲ್ಯುಡಿಬಿ ಅಪ್‌ಡೇಟ್’ ಆದೇಶ ರಚಿಸಿಟ್ಟ ಬೈನರಿ ರೂಪದ ದತ್ತಸಂಚಯದಲ್ಲಿ ಹುಡುಕುತ್ತದೆ, ಸಿಕ್ಕ ಗುಣಗಳನ್ನು (ಡಿಪಿಐಯಂತಹ ವಿವರಗಳನ್ನು) ಸಾಧನಕ್ಕೆ ಅಂಟಿಸುತ್ತದೆ. ಮೌಸ್‌ನ ಎಣಿಕೆಗಳನ್ನು ಕರ್ಸರ್‌ನ ಚಲನೆಯಾಗಿಸುವ ಲಿಬ್‌ಇನ್‌ಪುಟ್ ಎಂಬ ತಂತ್ರಾಂಶ ಸಾಧನವನ್ನು ತೆರೆಯುವಾಗ ಆ ಗುಣಗಳನ್ನು ಓದಿಕೊಂಡು, ಎಲ್ಲ ಮೌಸ್‌ಗಳ ಚಲನೆಯನ್ನೂ 1000 ಡಿಪಿಐ ಎಂಬ ಒಂದೇ ಅಳತೆಗೆ ಇಳಿಸುತ್ತದೆ. ದಾಖಲೆಯಿಲ್ಲದ ಮೌಸ್ 1000 ಡಿಪಿಐನದೇ ಎಂದು ಅದು ಭಾವಿಸುತ್ತದೆ. ನನ್ನ ಮೌಸನ್ನು ಒಂದು ಅಂಗುಲ ಸರಿಸಿದರೆ 1600 ಎಣಿಕೆ ಬರುತ್ತವೆ. ದಾಖಲೆಯಿಲ್ಲದಿದ್ದರೆ ಅವು 1600 ಆಗಿಯೇ ಉಳಿಯುತ್ತವೆ, 1600 ಎಂಬ ದಾಖಲೆಯಿದ್ದರೆ 1000ಕ್ಕೆ ಇಳಿಯುತ್ತವೆ, ತಪ್ಪಾಗಿ 3200 ಎಂದಿದ್ದರೆ 500ಕ್ಕೆ ಕುಸಿಯುತ್ತವೆ. ಅಂದರೆ ದಾಖಲೆಯ ಅಂಕಿ ನಿಜಕ್ಕಿಂತ ಹೆಚ್ಚಿದ್ದರೆ ಕರ್ಸರ್ ತೆವಳುತ್ತದೆ, ಕಡಿಮೆಯಿದ್ದರೆ ಹಾರುತ್ತದೆ. 1000ಕ್ಕಿಂತ ಕಡಿಮೆ ಡಿಪಿಐನ ಮೌಸ್‌ಗಳಿಗೆ ಲೆಕ್ಕ ಇಷ್ಟು ನೇರವಾಗಿಲ್ಲ: ನಿಧಾನವಾಗಿ ಸರಿಸಿದಾಗ ಲಿಬ್‌ಇನ್‌ಪುಟ್ ಅವುಗಳ ಎಣಿಕೆಯನ್ನು ಸಾಧನದ ಅಳತೆಯಲ್ಲಿಯೇ ಬಿಡುತ್ತದೆ, ಆದ್ದರಿಂದ 400 ಅಥವಾ 800 ಡಿಪಿಐನ ಹಳೆಯ ಮೌಸ್‌ನಲ್ಲಿ ಮೇಲಿನ ಭಾಗಾಕಾರವನ್ನು ಕಣ್ಣಳತೆಯಿಂದ ಪರೀಕ್ಷಿಸಹೊರಟರೆ ಗೊಂದಲವಾದೀತು.

ದತ್ತಸಂಚಯಕ್ಕೆ ಸಂಬಂಧವೇ ಇಲ್ಲದ ಕಾರಣಗಳು

ಮೊದಲು ಇವುಗಳನ್ನು ತಳ್ಳಿಹಾಕಬೇಕು, ಇಲ್ಲದಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಡೆಸ್ಕ್‌ಟಾಪ್‌ನ ಸೆಟ್ಟಿಂಗ್‌ನಲ್ಲಿ ವೇಗವರ್ಧನೆಯನ್ನು ‘ಫ್ಲಾಟ್’ ಎಂದು ಆರಿಸಿದ್ದರೆ ಲಿಬ್‌ಇನ್‌ಪುಟ್ ಎಣಿಕೆಗಳನ್ನು ಒಂದು ಸ್ಥಿರಾಂಕದಿಂದ ಗುಣಿಸುತ್ತದೆಯೇ ಹೊರತು 1000 ಡಿಪಿಐಗೆ ಇಳಿಸುವುದಿಲ್ಲ, ಹಾಗಾಗಿ ದಾಖಲೆ ಎಷ್ಟೇ ಸರಿಯಾಗಿದ್ದರೂ ಅದರ ಪರಿಣಾಮ ಕಾಣಿಸದು. ಆಟಗಳನ್ನಾಡುವವರಲ್ಲಿ ಹಲವರು ಈ ಆಯ್ಕೆಯನ್ನು ಎಂದೋ ಮಾಡಿ ಮರೆತಿರುತ್ತಾರೆ. ಎಕ್ಸ್ ಸರ್ವರ್ (ಪರದೆ ಮತ್ತು ಮೌಸನ್ನು ನಿರ್ವಹಿಸುವ ಹಳೆಯ ತಂತ್ರಾಂಶ) ಇನ್ನೂ ಹಳೆಯ ಎವ್‌ಡೆವ್ ಡ್ರೈವರ್‌ನಲ್ಲಿ ನಡೆಯುತ್ತಿದ್ದರೂ ಫಲಿತಾಂಶ ಅದೇ, ಏಕೆಂದರೆ ಈ ಗುಣವನ್ನು ಓದುವುದು ಲಿಬ್‌ಇನ್‌ಪುಟ್. ವರ್ಚುವಲ್ ಯಂತ್ರದೊಳಗೆ ಮೌಸ್ ಬಹುಪಾಲು ಟ್ಯಾಬ್ಲೆಟ್‌ನಂತೆ ನಿರಪೇಕ್ಷ ಸ್ಥಾನಗಳನ್ನು ಕಳುಹಿಸುವುದರಿಂದ ಅಲ್ಲಿ ಡಿಪಿಐ ಎಂಬ ಮಾತೇ ಬರುವುದಿಲ್ಲ.

ಇನ್ನೊಂದು ಕಾರಣ ಸ್ವಲ್ಪ ಜಾಣತನದ್ದು. ಲಿಬ್‌ರ್‍ಯಾಟ್‌ಬ್ಯಾಗ್ ಮತ್ತು ಅದರ ಚಿತ್ರಾತ್ಮಕ ಮುಖವಾಡವಾದ ಪೈಪರ್ ಎಂಬ ತಂತ್ರಾಂಶಗಳು ಮೌಸ್‌ನೊಳಗಿನ ಡಿಪಿಐಯನ್ನೇ ಬದಲಿಸುತ್ತವೆ. ದತ್ತಸಂಚಯ ನೆನಪಿಟ್ಟುಕೊಂಡಿರುವುದು ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಯನ್ನು. ಬಳಕೆದಾರ ಪೈಪರ್‌ನಲ್ಲಿ 800ರಿಂದ 2400ಕ್ಕೆ ಏರಿಸಿದ್ದರೆ, ಅಥವಾ ಮೌಸ್‌ನ ಬೆನ್ನಿನ ಮೇಲಿರುವ ಡಿಪಿಐ ಗುಂಡಿಯನ್ನು ಅರಿಯದೆ ಒತ್ತಿದ್ದರೆ, ಲಿಬ್‌ಇನ್‌ಪುಟ್‌ಗೆ ಆ ಸುದ್ದಿ ಮುಟ್ಟುವುದಿಲ್ಲ. ಇದನ್ನು ದಾಖಲೆಯ ದೋಷವೆಂದು ವರದಿ ಮಾಡಬಾರದು.

ದಾರಿ ಎಲ್ಲಿ ಕಡಿದಿದೆ

ಎರಡು ಪ್ರಶ್ನೆಗಳು ಸಾಕು. ‘ಯುಡೆವ್‌ಎಡಿಎಂ ಇನ್ಫೊ’ ಆದೇಶವನ್ನು ಮೌಸ್‌ನ ಇವೆಂಟ್ ಕಡತದ (ಸಾಧನಕ್ಕೆ ಕರ್ನೆಲ್ ಕೊಡುವ, ಸಂಖ್ಯೆಯುಳ್ಳ ಕಡತ) ಮೇಲೆ ನಡೆಸಿದಾಗ, ಮುದ್ರಿತವಾಗುವ ಗುಣಗಳಲ್ಲಿ ‘ಮೌಸ್ ಡಿಪಿಐ’ ಕಾಣಿಸುತ್ತದೆಯೇ ಎಂಬುದು ಮೊದಲನೆಯದು. ಕಾಣಿಸದಿದ್ದರೆ, ಅದೇ ಮೌಸ್‌ನ ಗುರುತುಸಾಲನ್ನು ‘ಸಿಸ್ಟಮ್‌ಡಿ-ಎಚ್‌ಡಬ್ಲ್ಯುಡಿಬಿ ಕ್ವೆರಿ’ ಆದೇಶಕ್ಕೆ ಕೊಟ್ಟಾಗ ಉತ್ತರ ಬರುತ್ತದೆಯೇ ಎಂಬುದು ಎರಡನೆಯದು. ಎರಡನೆಯದಕ್ಕೂ ಉತ್ತರವಿಲ್ಲವೆಂದರೆ ದಾಖಲೆ ಬೈನರಿ ದತ್ತಸಂಚಯದೊಳಗೆ ಹೋಗಿಯೇ ಇಲ್ಲ, ಅಥವಾ ಅದರಲ್ಲಿ ಬರೆದ ಗುರುತು ಬೇರೆಯಾಗಿದೆ. ಕ್ವೆರಿಗೆ ಉತ್ತರ ಬಂದು ಇನ್ಫೊದಲ್ಲಿ ಮಾತ್ರ ಕಾಣದಿದ್ದರೆ, ನೀವು ಕೈಯಾರೆ ಟೈಪಿಸಿದ ಗುರುತಿಗೂ ಯುಡೆವ್ ಕಟ್ಟುವ ಗುರುತಿಗೂ ವ್ಯತ್ಯಾಸವಿದೆ, ಇಲ್ಲವೇ ಸಾಧನವನ್ನು ಮರುಪರಿಶೀಲಿಸುವಂತೆ ಯುಡೆವ್‌ಗೆ ಹೇಳಿಲ್ಲ. ಇನ್ಫೊದಲ್ಲಿ ಸರಿಯಾದ ಬೆಲೆ ಕಾಣಿಸುತ್ತಿದ್ದರೂ ಕರ್ಸರ್ ಬದಲಾಗದಿದ್ದರೆ ದತ್ತಸಂಚಯದ ಕೆಲಸ ಮುಗಿದಿದೆ: ಮರುಪರಿಶೀಲನೆಗೆ ಹೇಳುವ ‘ಟ್ರಿಗರ್’ ಆದೇಶ ಯುಡೆವ್‌ನ ಮಾಹಿತಿಯನ್ನು ಹೊಸದಾಗಿಸುತ್ತದೆಯೇ ಹೊರತು, ಈಗಾಗಲೇ ತೆರೆದಿರುವ ಸಾಧನದ ಗುಣವನ್ನು ಲಿಬ್‌ಇನ್‌ಪುಟ್ ಮತ್ತೆ ಓದುವುದಿಲ್ಲ. ಮೌಸನ್ನು ಕಿತ್ತು ಮತ್ತೆ ಚುಚ್ಚಬೇಕು, ಬ್ಲೂಟೂತ್ ಆದರೆ ಸಂಪರ್ಕ ಕಡಿದು ಮತ್ತೆ ಜೋಡಿಸಬೇಕು.

ಇವೆಂಟ್ ಸಂಖ್ಯೆ ಪ್ರತಿ ಬೂಟ್‌ನಲ್ಲಿಯೂ ಬದಲಾಗಬಹುದು. ಅಲ್ಲದೆ ಒಂದೇ ಮೌಸ್ ಎರಡು ಮೂರು ಇವೆಂಟ್ ಕಡತಗಳಾಗಿ ಕಾಣಿಸಿಕೊಳ್ಳುವುದುಂಟು, ಅವುಗಳಲ್ಲಿ ಒಂದು ಕೀಬೋರ್ಡ್‌ನ ವೇಷದಲ್ಲಿರುತ್ತದೆ. ಮೌಸ್ ಎಂಬ ಗುರುತಿನ ಗುಣ 1 ಆಗಿರುವುದನ್ನೇ ಆರಿಸಿಕೊಳ್ಳಬೇಕು.

ನನ್ನ ಸಂದರ್ಭದಲ್ಲಿ ಕ್ವೆರಿಗೂ ಉತ್ತರ ಬರಲಿಲ್ಲ. ಎಚ್‌ಡಬ್ಲ್ಯುಡಿಬಿ ಕಡತದ ವ್ಯಾಕರಣ ಕಟ್ಟುನಿಟ್ಟಾದದ್ದು: ಗುರುತುಸಾಲು ಎಡ ಅಂಚಿನಿಂದಲೇ ಆರಂಭವಾಗಬೇಕು, ಅದರ ಕೆಳಗಿನ ಗುಣದ ಸಾಲು ಒಂದು ಖಾಲಿ ಜಾಗದಿಂದ ಆರಂಭವಾಗಬೇಕು, ಒಂದು ದಾಖಲೆಗೂ ಮತ್ತೊಂದಕ್ಕೂ ನಡುವೆ ಒಂದು ಖಾಲಿ ಸಾಲಿರಬೇಕು. ನಾನು ಬಳಸುವ ಸಂಪಾದಕ ತಂತ್ರಾಂಶ, ಪ್ರೋಗ್ರಾಮ್ ಬರೆಯುವವರ ಮೇಲಿನ ಪ್ರೀತಿಯಿಂದ, ಆ ಖಾಲಿ ಜಾಗವನ್ನು ಟ್ಯಾಬ್ ಆಗಿ ಬದಲಿಸಿತ್ತು. ಕಣ್ಣಿಗೆ ಎರಡೂ ಒಂದೇ. ಎಚ್‌ಡಬ್ಲ್ಯುಡಿಬಿಗೆ ಮಾತ್ರ ಟ್ಯಾಬ್‌ನಿಂದ ಆರಂಭವಾದ ಸಾಲು ಗುಣವಲ್ಲ. ಗುರುತುಸಾಲಿನ ನಂತರ ಬಂದ ಇನ್ನೊಂದು ಗುರುತುಸಾಲು ಅದು. ಹೀಗೆ ಎರಡು ಗುರುತುಗಳಿದ್ದು ಗುಣವೇ ಇಲ್ಲದ ದಾಖಲೆಯೊಂದು ಹುಟ್ಟಿ, ‘ಗುಣ ಬೇಕಿತ್ತು, ಗುಣಗಳಿಲ್ಲದ ದಾಖಲೆಯನ್ನು ಕಡೆಗಣಿಸಲಾಗುತ್ತಿದೆ’ ಎಂಬರ್ಥದ ಒಂದು ಸಾಲಿನ ಎಚ್ಚರಿಕೆಯೊಂದಿಗೆ ಅಲ್ಲಿಯೇ ಸತ್ತುಹೋಗುತ್ತಿತ್ತು. ಆ ಎಚ್ಚರಿಕೆ ಪ್ರತಿ ಸಲವೂ ಟರ್ಮಿನಲ್‌ನಲ್ಲಿ ಬಂದಿತ್ತು, ನಾನು ನೋಡಿರಲಿಲ್ಲ. ‘ಅಪ್‌ಡೇಟ್’ ಆದೇಶದ ಜೊತೆ ‘ಸ್ಟ್ರಿಕ್ಟ್’ ಆಯ್ಕೆಯನ್ನು ಕೊಟ್ಟರೆ ಇಂತಹ ತಪ್ಪಿದ್ದಾಗ ಆದೇಶವೇ ವಿಫಲವಾಯಿತೆಂದು ವರದಿಯಾಗುತ್ತದೆ. ದಾಖಲೆಗಳನ್ನು ಸ್ಕ್ರಿಪ್ಟ್ ಮೂಲಕ ಹಲವು ಗಣಕಗಳಿಗೆ ಹಂಚುವವರು ಇದನ್ನು ಬಿಡಬಾರದು. ಗುರುತುಸಾಲು ಮತ್ತು ಗುಣದ ನಡುವೆ ಅಂದಕ್ಕೆಂದು ಖಾಲಿ ಸಾಲು ಬಿಟ್ಟರೂ ಇದೇ ಗತಿ.

ಕಡತವನ್ನು ಎಲ್ಲಿ ಇಟ್ಟಿದ್ದೀರಿ ಎಂಬುದೂ ಮುಖ್ಯ. ಲಿನಕ್ಸ್ ವಿತರಣೆಯ ಜೊತೆ ಬಂದ ಕಡತ ‘ಯುಎಸ್‌ಆರ್’ ಕಡತಕೋಶದ ಅಡಿಯಲ್ಲಿರುತ್ತದೆ, ಅದನ್ನು ತಿದ್ದಿದರೆ ಮುಂದಿನ ಅಪ್‌ಡೇಟ್‌ನಲ್ಲಿ ತಿದ್ದುಪಡಿ ಅಳಿಸಿಹೋಗುತ್ತದೆ. ಸ್ಥಳೀಯ ದಾಖಲೆಗಳಿಗೆ ‘ಈಟಿಸಿ’ ಅಡಿಯ ಯುಡೆವ್ ಕಡತಕೋಶದಲ್ಲಿ ‘71-ಮೌಸ್-ಲೋಕಲ್’ ಎಂಬ ಹೆಸರಿನ ಕಡತವನ್ನು ರಚಿಸುವಂತೆ ಮೂಲ ಕಡತದ ಪೀಠಿಕೆಯೇ ಸೂಚಿಸುತ್ತದೆ. ಎಲ್ಲ ಕಡತಗಳೂ ಹೆಸರಿನ ಕ್ರಮದಲ್ಲಿ ಓದಲ್ಪಡುವುದರಿಂದ 71 ಎಂಬುದು 70ರ ನಂತರ ಬಂದು ಅದರ ಬೆಲೆಯನ್ನು ಮೀರುತ್ತದೆ. ಇದನ್ನು ಅರಿಯದೆ ಕೆಲವರು ‘70-ಮೌಸ್’ ಎಂಬ ಅದೇ ಹೆಸರಿನಲ್ಲಿ ಈಟಿಸಿ ಅಡಿಯಲ್ಲಿ ನಾಲ್ಕು ಸಾಲಿನ ಕಡತವನ್ನಿಡುತ್ತಾರೆ. ಆಗ ಅದು ಮೂಲ ಕಡತಕ್ಕೆ ಸೇರ್ಪಡೆಯಾಗುವುದಿಲ್ಲ, ಮೂಲ ಕಡತವನ್ನು ಇಡಿಯಾಗಿ ಮುಚ್ಚಿಬಿಡುತ್ತದೆ. ತಮ್ಮ ಮೌಸ್ ಸರಿಹೋಗಿ ಉಳಿದೆಲ್ಲ ಮೌಸ್‌ಗಳ ದಾಖಲೆಗಳೂ ಮಾಯವಾಗುತ್ತವೆ.

ಬೈನರಿ ಕಡತದಲ್ಲಿಯೂ ಇಂತಹುದೇ ಒಂದು ಸಂದಿಯಿದೆ. ಅದು ಈಟಿಸಿ ಮತ್ತು ಯುಎಸ್‌ಆರ್ ಎರಡರ ಅಡಿಯಲ್ಲಿಯೂ ಇರಬಹುದು, ಎರಡೂ ಇದ್ದಾಗ ಈಟಿಸಿಯದೇ ಮೇಲು. ಎಂದೋ ಒಮ್ಮೆ ಕೈಯಾರೆ ರಚಿಸಿದ ಹಳೆಯ ಬೈನರಿ ಅಲ್ಲಿ ಉಳಿದುಕೊಂಡಿದ್ದರೆ, ಪಠ್ಯ ಕಡತಗಳು ಎಷ್ಟೇ ಹೊಸದಾದರೂ ಯುಡೆವ್ ಆ ಹಳೆಯದನ್ನೇ ಓದುತ್ತಿರುತ್ತದೆ. ಎರಡು ಬೈನರಿಗಳ ದಿನಾಂಕಗಳನ್ನು ಹೋಲಿಸಿ ನೋಡುವುದು ಅರ್ಧ ನಿಮಿಷದ ಕೆಲಸ.

ಗುರುತು ಸರಿಹೊಂದದಿದ್ದಾಗ

ಟ್ಯಾಬ್ ತೆಗೆದ ನಂತರ ಕ್ವೆರಿ ಉತ್ತರಿಸಿತು, ಇನ್ಫೊ ಆಗಲೂ ಮೌನವಾಗಿತ್ತು. ಎರಡನೆಯ ತಪ್ಪು ಗುರುತಿನಲ್ಲಿತ್ತು: ಹೆಸರನ್ನು ನಾನು ಜೋಡಿಸಿದ ಯುಎಸ್‌ಬಿ ಸಾಧನಗಳನ್ನು ತೋರಿಸುವ ‘ಎಲ್ಎಸ್‌ಯುಎಸ್‌ಬಿ’ ಆದೇಶದ ಪಟ್ಟಿಯಿಂದ ತೆಗೆದುಕೊಂಡಿದ್ದೆ. ಆ ಪಟ್ಟಿಯ ಹೆಸರುಗಳು ಬೇರೊಂದು ಸಂಗ್ರಹದಿಂದ ಬರಬಹುದು. ಯುಡೆವ್ ಗುರುತುಸಾಲಿಗೆ ಬಳಸುವುದು ಕರ್ನೆಲ್ ಆ ಇನ್‌ಪುಟ್ ಸಾಧನಕ್ಕೆ ಇಟ್ಟ ಹೆಸರನ್ನು. ಅದನ್ನು ಸಾಧನದ ಗುಣಲಕ್ಷಣಗಳಿಂದ ನಕಲಿಸಿ ಅಂಟಿಸಬೇಕು, ನೋಡಿ ಟೈಪಿಸಬಾರದು. ಹೆಸರಿನ ಕೊನೆಯಲ್ಲಿ ಖಾಲಿ ಜಾಗವಿದ್ದರೆ ಯುಡೆವ್ ಅದನ್ನು ಕತ್ತರಿಸುತ್ತದೆ, ಆವರಣದಂತಹ ಕೆಲವು ಚಿಹ್ನೆಗಳನ್ನು ಅಡಿಗೆರೆಯಾಗಿ ಬದಲಿಸುತ್ತದೆ. ಅಂತಹ ಹೆಸರಿದ್ದಲ್ಲಿ ಆ ಒಂದು ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಬರೆದರೆ ಯಾವ ಅಕ್ಷರವಾದರೂ ಹೊಂದುತ್ತದೆ. ತಯಾರಕ ಮತ್ತು ಉತ್ಪನ್ನ ಸಂಖ್ಯೆಗಳು ನಾಲ್ಕು ಸ್ಥಾನಗಳ ಷೋಡಶಮಾನ ಅಂಕಿಗಳಾಗಿದ್ದು, ಅವುಗಳಲ್ಲಿನ ಇಂಗ್ಲಿಷ್ ಅಕ್ಷರಗಳು ಸಣ್ಣಕ್ಷರಗಳಾಗಿಯೇ ಇರಬೇಕು.

ತಂತಿಯಿಲ್ಲದ ಮೌಸ್‌ಗಳಲ್ಲಿ ಸಮಸ್ಯೆ ಇನ್ನಷ್ಟು ಸಿಕ್ಕು. ಲಾಜಿಟೆಕ್‌ನ ಯೂನಿಫೈಯಿಂಗ್ ರಿಸೀವರ್ (ಗಣಕಕ್ಕೆ ಚುಚ್ಚುವ ಪುಟ್ಟ ಯುಎಸ್‌ಬಿ ತುಣುಕು) ಒಂದೇ ಆದರೂ ಅದರ ಹಿಂದೆ ಆರು ಸಾಧನಗಳವರೆಗೆ ಇರಬಹುದು. ರಿಸೀವರ್‌ನ ಸಂಖ್ಯೆಗೆ ಬರೆದ ದಾಖಲೆ ಅದರ ಹಿಂದಿನ ಯಾವ ಮೌಸ್‌ಗೆ ಎಂದು ತಿಳಿಯುವುದು ಹೆಸರಿನಿಂದ ಮಾತ್ರ. ಕರ್ನೆಲ್‌ನ ಡ್ರೈವರ್ ಬದಲಾದಂತೆ ಇಂತಹ ಮೌಸ್‌ಗಳ ಹೆಸರೂ ಸಂಖ್ಯೆಯೂ ಬದಲಾಗಿವೆ: ಹಿಂದೆ ‘ಯೂನಿಫೈಯಿಂಗ್ ಡಿವೈಸ್’ ಎಂಬ ಮಾತಿನ ಮುಂದೆ ತಂತಿರಹಿತ ಸಂಖ್ಯೆಯೊಂದನ್ನು ಸೇರಿಸಿದ ಹೆಸರಿದ್ದಲ್ಲಿ, ನಂತರದ ಕರ್ನೆಲ್‌ಗಳಲ್ಲಿ ಮಾದರಿಯ ನಿಜವಾದ ಹೆಸರೇ ಕಾಣಿಸಿಕೊಳ್ಳುತ್ತದೆ. ಕರ್ನೆಲ್ ಅಪ್‌ಡೇಟ್ ಆದ ಮರುದಿನ ಕರ್ಸರ್‌ನ ವೇಗ ಬದಲಾಯಿತು ಎಂಬ ದೂರಿಗೆ ಇದೂ ಒಂದು ಕಾರಣವಾಗಬಲ್ಲದು. ಅದೇ ಮೌಸ್ ಬ್ಲೂಟೂತ್‌ನಲ್ಲಿ ಜೋಡಣೆಯಾದಾಗ ಸಂಪರ್ಕದ ಬಗೆ ಬೇರೆ, ಉತ್ಪನ್ನ ಸಂಖ್ಯೆಯೂ ಬೇರೆ. ಇದಕ್ಕೆ ಪರಿಹಾರ, ಒಂದೇ ಗುಣದ ಮೇಲೆ ಎರಡು ಮೂರು ಗುರುತುಸಾಲುಗಳನ್ನು ಒಂದರ ಕೆಳಗೊಂದು ಬರೆಯುವುದು. ವ್ಯಾಕರಣ ಇದಕ್ಕೆ ಅವಕಾಶ ಕೊಟ್ಟಿದೆ.

ಅಳತೆ

ದಾರಿ ತೆರವಾಯಿತೆಂದು ಖಚಿತವಾದ ಮೇಲೆ ಅಂಕಿಯ ವಿಚಾರ. ಲಿಬ್‌ಎವ್‌ಡೆವ್ ಜೊತೆ ಬರುವ ‘ಮೌಸ್-ಡಿಪಿಐ-ಟೂಲ್’ ಎಂಬ ಸಲಕರಣೆಯನ್ನು ನಡೆಸಿ, ಮೌಸನ್ನು ಸ್ಕೇಲಿನ ಅಂಚಿಗೆ ಒರಗಿಸಿ ಅಡ್ಡಲಾಗಿ 250 ಮಿಲಿಮೀಟರ್‌ಗಿಂತ ಹೆಚ್ಚು ದೂರ ಸರಿಸಬೇಕು. ಜಾಮಿಟ್ರಿ ಬಾಕ್ಸ್‌ನಲ್ಲಿರುವ 15 ಸೆಂಟಿಮೀಟರ್ ಸ್ಕೇಲ್ ಇದಕ್ಕೆ ಸಾಲದು, 30 ಸೆಂಟಿಮೀಟರ್‌ನದು ಬೇಕು. ಮೂರು ಸೆಕೆಂಡು ಸುಮ್ಮನಿದ್ದರೆ ಸಲಕರಣೆ ಎಣಿಕೆಯನ್ನು ಸೊನ್ನೆಗೆ ತರುತ್ತದೆ, ಹಾಗಾಗಿ ಮೌಸನ್ನು ಆರಂಭದ ಗೆರೆಗೆ ತಂದು ನಿಲ್ಲಿಸಿ, ಕಾದು, ಒಂದೇ ಸರಿತದಲ್ಲಿ ಮುಗಿಸಬೇಕು. ಹತ್ತು ಅಂಗುಲ, ಅಂದರೆ 254 ಮಿಲಿಮೀಟರ್ ಸರಿಸಿದರೆ ಒಟ್ಟು ಎಣಿಕೆಯನ್ನು ಹತ್ತರಿಂದ ಭಾಗಿಸಿದಷ್ಟೇ ಲೆಕ್ಕ. ನನಗೆ ಐದು ಸಲದ ಅಳತೆಯಲ್ಲಿ 1570ರಿಂದ 1610ರವರೆಗೆ ಬೇರೆ ಬೇರೆ ಅಂಕಿಗಳು ಬಂದವು. ದಾಖಲೆಯಲ್ಲಿ ಬರೆಯಬೇಕಾದ್ದು 1600. ಕೈ ನಡುಗಿದ್ದನ್ನು ದತ್ತಸಂಚಯದಲ್ಲಿ ಅಮರಗೊಳಿಸುವ ಅಗತ್ಯವಿಲ್ಲ. ಆದರೆ ಪೆಟ್ಟಿಗೆಯ ಅಂಕಿಗೂ ಅಳತೆಗೂ ನೂರಾರು ಎಣಿಕೆಗಳ ಅಂತರವಿದ್ದರೆ ಅಳತೆಯನ್ನೇ ನಂಬಬೇಕು. ಹೊಳೆಯುವ ಅಥವಾ ಗಾಜಿನ ಮೇಜಿನ ಮೇಲೆ ಅಳೆಯಬಾರದು, ಅಲ್ಲಿ ಸೆನ್ಸರ್ ಎಣಿಕೆ ತಪ್ಪುತ್ತದೆ.

ಹಲವು ಡಿಪಿಐ ಹಂತಗಳಿರುವ ಮೌಸ್‌ಗೆ ಎಲ್ಲವನ್ನೂ ಖಾಲಿ ಜಾಗ ಬಿಟ್ಟು ಬರೆದು, ಚುಚ್ಚಿದೊಡನೆ ಯಾವ ಹಂತದಲ್ಲಿರುತ್ತದೆಯೋ ಅದರ ಅಂಕಿಗೆ ಮೊದಲು, ಎಡಕ್ಕೆ ಅಂಟಿದಂತೆ, ನಕ್ಷತ್ರ ಚಿಹ್ನೆಯನ್ನು ಇಡಬೇಕು. ಪ್ರತಿ ಅಂಕಿಯ ನಂತರ ‘ಅಟ್’ ಚಿಹ್ನೆಯಿಟ್ಟು ಆವರ್ತನವನ್ನು ಬರೆಯುವುದು ರೂಢಿ. ಎಂಟು ಮಿಲಿಸೆಕೆಂಡಿಗೊಮ್ಮೆ ವರದಿ ಮಾಡುವ ಮೌಸ್‌ಗೆ ಅದು 125. ವೇಗದ ಲೆಕ್ಕದಲ್ಲಿ ಲಿಬ್‌ಇನ್‌ಪುಟ್ ಈ ಆವರ್ತನವನ್ನು ಬಳಸುವುದಿಲ್ಲ, ಆದ್ದರಿಂದ ಅದರ ಹಿಂದೆ ಬಿದ್ದು ಸಮಯ ಕಳೆಯಬೇಕಿಲ್ಲ.

ಚಕ್ರದ ದೋಷಗಳು

ಸ್ಕ್ರೋಲ್ ಚಕ್ರದ ಒಂದು ‘ಕಟ್’ ಸದ್ದಿಗೆ 15 ಡಿಗ್ರಿ, ಅಂದರೆ ಸುತ್ತಿಗೆ 24 ಹಲ್ಲು ಎಂಬುದು ಊಹೆ. ಹಾಗಲ್ಲದ ಚಕ್ರಕ್ಕೆ ಕೋನದ ಗುಣವನ್ನು ಬರೆಯಬೇಕು. ಚಕ್ರದ ಮೇಲೆ ಪೆನ್ನಿನಿಂದ ಒಂದು ಚುಕ್ಕೆಯಿಟ್ಟು, ಅದು ಮತ್ತೆ ಮೇಲೆ ಬರುವವರೆಗೆ ಎಣಿಸಿದರಾಯಿತು: 18 ಬಂದರೆ ಕೋನ 20. 14 ಬಂದರೆ ಕೋನ ಪೂರ್ಣಾಂಕವಾಗದು, 25.7 ಚಿಲ್ಲರೆ, ಆಗ ಕೋನವನ್ನು 26 ಎಂದೂ, ಹಲ್ಲುಗಳ ಎಣಿಕೆಯ ಗುಣವನ್ನು 14 ಎಂದೂ ಎರಡನ್ನೂ ಬರೆಯಬೇಕು. ಕೆಳಗೆ ಸ್ಕ್ರೋಲ್ ಮಾಡುವಾಗ ಪುಟ ಆಗಾಗ ಮೇಲಕ್ಕೆ ಜಿಗಿಯುವುದು ಮಾತ್ರ ದತ್ತಸಂಚಯದ ದೋಷವಲ್ಲ. ಸಾಧನ ಕಳುಹಿಸುವ ಎಣಿಕೆಗಳನ್ನು ತೋರಿಸುವ ‘ಇವಿಟೆಸ್ಟ್’ ನಡೆಸಿ ಚಕ್ರವನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ನಡುನಡುವೆ ವಿರುದ್ಧ ಚಿಹ್ನೆಯ ಬೆಲೆ ಬಂದರೆ ಚಕ್ರದ ಎನ್‌ಕೋಡರ್ (ತಿರುಗುವಿಕೆಯನ್ನು ಎಣಿಸುವ ಭಾಗ) ಸವೆದಿದೆ ಅಥವಾ ದೂಳು ತುಂಬಿದೆ, ಅದಕ್ಕೆ ಬೇಕಾದ್ದು ಸ್ಕ್ರೂಡ್ರೈವರ್.

ಟ್ರ್ಯಾಕ್‌ಬಾಲ್ ಮೌಸ್‌ನಂತೆಯೇ ವರ್ತಿಸುತ್ತಿದ್ದರೆ, ಅದನ್ನು ಟ್ರ್ಯಾಕ್‌ಬಾಲ್ ಎಂದು ಸಾರುವ ಗುಣವನ್ನೂ ಇದೇ ಕಡತದಲ್ಲಿ ಸೇರಿಸಬಹುದು.

ಎಲ್ಲರ ಕಡತಕ್ಕೆ ಕಳುಹಿಸುವ ಮುನ್ನ

ಸಿಸ್ಟಮ್‌ಡಿಯ ಮೂಲ ಸಂಗ್ರಹದಲ್ಲಿ ದಾಖಲೆಗಳು ತಯಾರಕರ ಹೆಸರಿನ ಅಕಾರಾದಿ ಕ್ರಮದಲ್ಲಿ ವಿಭಾಗಗಳಾಗಿವೆ, ಹೊಸದನ್ನು ಅದರ ವಿಭಾಗದಲ್ಲಿಯೇ ಸೇರಿಸಬೇಕು, ಕಡತದ ಕೊನೆಯಲ್ಲಿ ಅಲ್ಲ. ಸಂಗ್ರಹದಲ್ಲಿಯೇ ಇರುವ ಪೈಥಾನ್ ಪರೀಕ್ಷಕವು ಗುಣಗಳ ರೂಪ, ಎರಡು ಸಲ ಬಂದ ಗುರುತು, ಒಂದಕ್ಕಿಂತ ಹೆಚ್ಚು ನಕ್ಷತ್ರ ಮುಂತಾದ ತಪ್ಪುಗಳನ್ನು ಹಿಡಿಯುತ್ತದೆ. ಅದು ಹಿಡಿಯಲಾರದ ತಪ್ಪು ಒಂದಿದೆ, ಅದು ನನ್ನಿಂದ ಆಗುವುದರಲ್ಲಿತ್ತು.

ನನ್ನ ಮೌಸ್‌ಗೆ ಎಲ್ಲವೂ ಸರಿಹೋದ ನಂತರ ಅದೇ ಸ್ಥಳೀಯ ಕಡತವನ್ನು ಕಚೇರಿಯ ಸಹೋದ್ಯೋಗಿಯೊಬ್ಬರ ಗಣಕಕ್ಕೂ ಹಾಕಿದೆ, ಏಕೆಂದರೆ ಅವರ ಮೌಸ್‌ನ ತಯಾರಕ ಸಂಖ್ಯೆ, ಉತ್ಪನ್ನ ಸಂಖ್ಯೆ, ಹೆಸರು ಮೂರೂ ನನ್ನದರಂತೆಯೇ ಇದ್ದವು. ಅವರ ಕರ್ಸರ್ ತೆವಳತೊಡಗಿತು. ಅಳೆದು ನೋಡಿದಾಗ ಅವರದು 1000 ಡಿಪಿಐ. 1600 ಎಂಬ ದಾಖಲೆಯಿಂದ ಅದು ಅಂಗುಲಕ್ಕೆ 625ಕ್ಕೆ ಇಳಿದಿತ್ತು. ಹಲವು ಅಗ್ಗದ ಮೌಸ್‌ಗಳಲ್ಲಿ ಸಂಖ್ಯೆ ಮತ್ತು ಹೆಸರು ಮಾರುವ ಕಂಪನಿಯದಾಗಿರುವುದಿಲ್ಲ, ಒಳಗಿನ ಚಿಪ್ ತಯಾರಕರದಾಗಿರುತ್ತದೆ. ಹೊರಮೈ ಬೇರೆ, ಬೆಲೆ ಬೇರೆ, ಸೆನ್ಸರ್‌ನ ಹೊಂದಾಣಿಕೆ ಬೇರೆಯಾದ ಹತ್ತಾರು ಮೌಸ್‌ಗಳು ‘ಯುಎಸ್‌ಬಿ ಆಪ್ಟಿಕಲ್ ಮೌಸ್’ ಎಂಬ ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಅವುಗಳನ್ನು ಬೇರ್ಪಡಿಸಲು ಗುರುತುಸಾಲಿನಲ್ಲಿ ಬೇರಾವ ಅಂಶವೂ ಇಲ್ಲ. ಹೆಸರಿನ ಜಾಗದಲ್ಲಿ ಯಾವ ಹೆಸರಿಗಾದರೂ ಹೊಂದುವ ನಕ್ಷತ್ರ ಚಿಹ್ನೆಯನ್ನಷ್ಟೇ ಇಟ್ಟು ಗುರುತನ್ನು ಸಡಿಲಗೊಳಿಸುವವರು ಈ ತೊಂದರೆಯನ್ನು ಇನ್ನೂ ಹಿಗ್ಗಿಸುತ್ತಾರೆ.

ಇಂತಹ ಮೌಸ್‌ಗಳ ದಾಖಲೆ ಸ್ಥಳೀಯ ಕಡತದಲ್ಲಿಯೇ ಉಳಿಯಬೇಕು ಎಂಬುದು ನನ್ನ ನಿಲುವು. ಹೆಸರಿನಲ್ಲಿ ಮಾದರಿಯ ಗುರುತಿಲ್ಲದ, ಒಂದೇ ಒಂದು ಮೌಸ್‌ನಿಂದ ಅಳೆದ ಬೆಲೆಯನ್ನು ಎಲ್ಲರ ಕಡತಕ್ಕೆ ಸೇರಿಸಿದರೆ, ದಾಖಲೆಯಿಲ್ಲದೆ ಸರಿಯಾಗಿಯೇ ನಡೆಯುತ್ತಿದ್ದ ಇನ್ನೊಬ್ಬರ 1000 ಡಿಪಿಐ ಮೌಸ್ ಒಂದು ಅಪ್‌ಡೇಟ್‌ನ ನಂತರ ಕಾರಣವಿಲ್ಲದೆ ಕೆಟ್ಟಂತೆ ಕಾಣುತ್ತದೆ, ಅವರು ಅದರ ಮೂಲವನ್ನು ಇಷ್ಟೆಲ್ಲ ದಾರಿಯಲ್ಲಿ ಹುಡುಕಬೇಕಾಗುತ್ತದೆ. ಕಳುಹಿಸಲೆಂದು ಸಿದ್ಧಪಡಿಸಿದ್ದ ಬದಲಾವಣೆಯನ್ನು ನಾನು ಹಿಂತೆಗೆದುಕೊಂಡೆ. ಸಹೋದ್ಯೋಗಿಯ ಗಣಕದಿಂದ ಕಡತವನ್ನು ಅಳಿಸಿ, ಬೈನರಿಯನ್ನು ಮತ್ತೆ ರಚಿಸಿ, ಮೌಸನ್ನು ಕಿತ್ತು ಚುಚ್ಚಿದ ಮೇಲೆ ಅವರ ಕರ್ಸರ್ ಮೊದಲಿನ ವೇಗಕ್ಕೆ ಮರಳಿತು.